ಮುಂಬಯಿಯಿಂದ ಮಂಗಳೂರಿಗೆ ಪ್ಲೇನಲ್ಲಿ ಎಷ್ಟು ಹೊತ್ತು? ಮನೆಯಿಂದ ಮನೆಗೆ ಲೆಕ್ಕ ಹಾಕುವುದು ಹೀಗೆ

ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ಸಂಜೆ ನಾಲ್ಕು ಜನ ಊರಿನವರು ಸೇರಿದರೆ ಮೇ ತಿಂಗಳ ಮಾತು ಶುರುವಾಗಿಬಿಡುತ್ತದೆ. ಯಾರದ್ದೋ ಮದುವೆ, ಯಾರ ಮನೆಯದ್ದೋ ನೇಮ. "ಪ್ಲೇನಲ್ಲಿ ಹೋದ್ರೆ ಎಷ್ಟು ಹೊತ್ತು ಮಾರಾಯ್ರೆ?" ಅಂತ ಒಬ್ಬರು ಕೇಳುತ್ತಾರೆ. "ಒಂದೂವರೆ ಗಂಟೆ" ಅಂತ ಇನ್ನೊಬ್ಬರು ಹೇಳುತ್ತಾರೆ. ಹೇಳಿದವರಿಗೂ ಸಮಾಧಾನ, ಕೇಳಿದವರಿಗೂ ಸಮಾಧಾನ. ಆದರೆ ಆ ಒಂದೂವರೆ ಗಂಟೆಯಲ್ಲಿ ಯಾರೂ ಊರು ಮುಟ್ಟಿದ್ದನ್ನು ನಾನಂತೂ ನೋಡಿಲ್ಲ.

ನಾನೂ ಅದನ್ನೇ ನಂಬಿದ್ದವನು. ಚಿಕ್ಕಮ್ಮನ ಮಗಳ ಮದುವೆ ಕುಂದಾಪುರದಲ್ಲಿ, ಹನ್ನೆರಡು ಕಾಲರ ಅಭಿಜಿನ್ ಮುಹೂರ್ತ. ಬೆಳಿಗ್ಗೆ ಏಳೂವರೆಯ ವಿಮಾನ, ಟಿಕೆಟ್ ಪ್ರಕಾರ ಒಂಬತ್ತು ಐದಕ್ಕೆ ಬಜ್ಪೆ, ಅಂದರೆ ಮಂಗಳೂರಿನ ವಿಮಾನ ನಿಲ್ದಾಣ. ಅಲ್ಲಿಂದ ಎರಡು ಗಂಟೆ ದಾರಿ ಅಂದರೂ ಹನ್ನೊಂದಕ್ಕೆ ಮಂಟಪದಲ್ಲಿ ಕೂತಿರಬಹುದಲ್ವಾ? ಆಗಿದ್ದು ಬೇರೆ. ಬಾಗಿಲು ಹಾಕಿದ್ದೇ ಎಂಟಕ್ಕೆ, ಮುಂದೆ ಸಾಲಿನಲ್ಲಿ ನಾಲ್ಕಾರು ವಿಮಾನ ನಿಂತಿದ್ದವು, ನಮ್ಮದು ಏರುವಾಗ ಎಂಟು ಇಪ್ಪತ್ತೈದು, ಮೇ ಕೊನೆಯ ಮಳೆ ಮೋಡ ಬಜ್ಪೆಯ ಗುಡ್ಡದ ಮೇಲೆ ಕೂತಿತ್ತು ಅಂತ ಮೇಲೆ ಎರಡು ಸುತ್ತು, ಇಳಿದಾಗ ಹತ್ತು ಕಾಲು, ಬ್ಯಾಗ್ ಸಿಕ್ಕಾಗ ಹತ್ತು ಮುಕ್ಕಾಲು. ಆಮೇಲೆ ಟ್ಯಾಕ್ಸಿ ಹುಡುಕಿ, ಹೆದ್ದಾರಿಯಲ್ಲಿ ಒಂದು ಕಡೆ ಲಾರಿ ಕೆಟ್ಟು ನಿಂತು, ಛತ್ರ ಮುಟ್ಟಿದಾಗ ಎರಡನೇ ಹಂತಿ ಊಟ ಕೂತಿತ್ತು. ಮಾವ ಪಾಯಸದ ಬಕೆಟ್ ಹಿಡಿದುಕೊಂಡೇ, "ಎಂತ ಮಾರಾಯ, ಪ್ಲೇನಂಗ್ ಬಂದದ್ದಾ, ಎತ್ತಿನ ಗಾಡಿಯಂಗಾ?" ಅಂದರು. ನಗುವುದಲ್ಲದೆ ಇನ್ನೇನು ಮಾಡುವುದು.

ಅಂದಿನಿಂದ ನಾನು ಟಿಕೆಟ್ ತೆಗೆಯುವ ಮೊದಲು ಒಂದು ಕಾಗದದಲ್ಲಿ ಲೆಕ್ಕ ಹಾಕುತ್ತೇನೆ. ಅದೇ ಲೆಕ್ಕವನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ. ಉದಾಹರಣೆ ಮುಂಬಯಿ–ಮಂಗಳೂರಿನದು. ನಿಮ್ಮ ಊರು ಹುಬ್ಬಳ್ಳಿಯೋ ಬೆಂಗಳೂರೋ ಆಗಿದ್ದರೆ ಅಂಕಿ ಬದಲಿಸಿಕೊಳ್ಳಿ, ಸಾಕು.

ಹೆಜ್ಜೆ 1: ಯಾವ ದೂರ ಅಂತ ಮೊದಲು ನೋಡಿ

ಇಂಟರ್ನೆಟ್ಟಿನಲ್ಲಿ "ಮುಂಬಯಿ ಮಂಗಳೂರು ದೂರ" ಅಂತ ಹುಡುಕಿದರೆ ಒಂದು ಕಡೆ 700 ಚಿಲ್ಲರೆ, ಇನ್ನೊಂದು ಕಡೆ 900 ಅಂತ ಬರುತ್ತದೆ. ಎರಡೂ ಸುಳ್ಳಲ್ಲ. ಒಂದು ಆಕಾಶದ ದೂರ, ಒಂದು ರಸ್ತೆಯ ದೂರ. ಪನ್ವೇಲಿನಿಂದ ಹೊರಟು ರತ್ನಾಗಿರಿ ಜಿಲ್ಲೆ, ಗೋವಾ, ಕಾರವಾರ ಎಲ್ಲ ಮುಟ್ಟಿಕೊಂಡು ಬರುವ ರಾಷ್ಟ್ರೀಯ ಹೆದ್ದಾರಿ 66 ಕರಾವಳಿಯ ಜೊತೆ ಬಳುಕುತ್ತಾ ಬರುತ್ತದೆ, ಅದಕ್ಕೇ 900ರ ಆಸುಪಾಸು. ನಮ್ಮ ಕಡೆಯ ಖಾಸಗಿ ಬಸ್ಸುಗಳಲ್ಲಿ ಕೆಲವು ಪುಣೆ, ಕೊಲ್ಹಾಪುರ, ಹುಬ್ಬಳ್ಳಿ ಮೇಲೆ ಬಂದು ಯಲ್ಲಾಪುರದ ಹತ್ತಿರ ಘಾಟಿ ಇಳಿದು ಅಂಕೋಲಾ ಸೇರುತ್ತವೆ. ಆ ದಾರಿ ಇನ್ನೂ ಉದ್ದ, ಸಾವಿರದ ಹತ್ತಿರ.

ಇನ್ನೊಂದು ಸಣ್ಣ ಮೋಸ ಇದೆ. ಕೆಲವು ಜಾಲತಾಣಗಳು ಊರಿನ ಮಧ್ಯದಿಂದ ಊರಿನ ಮಧ್ಯಕ್ಕೆ ದೂರ ಕೊಡುತ್ತವೆ. ವಿಮಾನ ಫೋರ್ಟಿನಿಂದ ಹೊರಟು ಹಂಪನಕಟ್ಟೆಗೆ ಇಳಿಯುವುದಿಲ್ಲ. ಸಹಾರದಿಂದ ಹೊರಟು ಬಜ್ಪೆಯಲ್ಲಿ ಇಳಿಯುತ್ತದೆ. ನಿಮಗೆ ಬೇಕಾದ್ದು ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಇರುವ ದೂರ. ಹುಡುಕುವಾಗ ಊರಿನ ಹೆಸರಿನ ಬದಲು ಮೂರಕ್ಷರದ ಕೋಡ್ ಹಾಕಿ. ಮುಂಬಯಿಗೆ ಬಿ-ಒ-ಎಂ, ಮಂಗಳೂರಿಗೆ ಐ-ಎಕ್ಸ್-ಇ. ಬಾಂಬೆ ಅನ್ನುವ ಹೆಸರು ಎಲ್ಲ ಕಡೆ ಅಳಿಸಿದರೂ ಬ್ಯಾಗಿಗೆ ಅಂಟಿಸುವ ಚೀಟಿಯಲ್ಲಿ ಇನ್ನೂ ಉಳಿದಿದೆ ನೋಡಿ.

ಅಂಕಿಯ ಮುಂದೆ ಕಿಲೋಮೀಟರ್ ಇದೆಯೋ ಮೈಲಿ ಇದೆಯೋ ಅನ್ನುವುದನ್ನೂ ಗಮನಿಸಿ. ವಿಮಾನದವರು ಬಳಸುವ ಮೈಲಿಯೇ ಬೇರೆ. ಅದು ನಾಟಿಕಲ್ ಮೈಲಿ, 1.852 ಕಿಲೋಮೀಟರ್. ರಸ್ತೆಯ ಮೈಲಿ 1.609. ಎರಡನ್ನು ಬೆರೆಸಿದರೆ ನೂರು ಕಿಲೋಮೀಟರ್ ಹೆಚ್ಚು ಕಡಿಮೆ ಆಗಿಬಿಡುತ್ತದೆ.

ಹೆಜ್ಜೆ 2: ಆಕಾಶದ ದೂರ ನಾವೇ ಹಾಕಬಹುದು

ಇದು ಬೇಡ ಅನ್ನುವವರು ಮುಂದಿನ ಹೆಜ್ಜೆಗೆ ಹೋಗಿ, ಬೇಜಾರಿಲ್ಲ. ಹೈಸ್ಕೂಲಿನ ಲೆಕ್ಕ ಇಷ್ಟ ಇದ್ದವರಿಗೆ ಮಜಾ ಇದೆ, ಮಕ್ಕಳನ್ನು ಕೂರಿಸಿಕೊಂಡು ಮಾಡಿಸಬಹುದು.

ಮ್ಯಾಪಿನಲ್ಲಿ ಮುಂಬಯಿ ವಿಮಾನ ನಿಲ್ದಾಣದ ಮೇಲೆ ಬೆರಳಿಟ್ಟರೆ ಅಕ್ಷಾಂಶ 19.09, ರೇಖಾಂಶ 72.87 ಅಂತ ಬರುತ್ತದೆ. ಮಂಗಳೂರಿನದು 12.96 ಮತ್ತು 74.89. ಅಕ್ಷಾಂಶದ ವ್ಯತ್ಯಾಸ 6.13 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿಲೋಮೀಟರ್. ಗುಣಿಸಿದರೆ 680. ಅಂದರೆ ಮಂಗಳೂರು ಮುಂಬಯಿಗಿಂತ 680 ಕಿ.ಮೀ. ತೆಂಕಣಕ್ಕೆ ಇದೆ.

ರೇಖಾಂಶದ ವ್ಯತ್ಯಾಸ 2.02 ಡಿಗ್ರಿ. ಇಲ್ಲಿ ನೇರವಾಗಿ 111ರಿಂದ ಗುಣಿಸಬಾರದು, ಏಕೆಂದರೆ ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಹತ್ತಿರ ಹತ್ತಿರ ಬರುತ್ತವೆ, ಸುಲಿದ ಕಿತ್ತಳೆ ಹಣ್ಣಿನ ತೊಳೆಗಳ ಹಾಗೆ. ಎರಡೂ ಊರಿನ ನಡುವಿನ ಅಕ್ಷಾಂಶ ಸುಮಾರು 16 ಡಿಗ್ರಿ. ಅದರ ಕೊಸೈನ್ 0.96. ಹಾಗಾಗಿ 2.02 ಸಲ 111 ಸಲ 0.96, ಸುಮಾರು 215 ಕಿ.ಮೀ. ಅಷ್ಟು ಮೂಡಣಕ್ಕೆ. ನಾವೆಲ್ಲ ಊರು ನೇರ ಕೆಳಗಿದೆ ಅಂದುಕೊಂಡಿರುತ್ತೇವೆ, ಆದರೆ ಕರಾವಳಿ ಇಷ್ಟು ಓರೆಯಾಗಿದೆ.

ಇನ್ನು ಪೈಥಾಗೊರಸ್. 680ರ ವರ್ಗ, 215ರ ವರ್ಗ ಕೂಡಿಸಿ, ವರ್ಗಮೂಲ ತೆಗೆಯಿರಿ. 713 ಬರುತ್ತದೆ. ಭೂಮಿ ಗುಂಡಗಿದೆ ಅಂತ ದೊಡ್ಡ ಸೂತ್ರ ಹಾಕಿದರೂ ಇಷ್ಟು ಸಣ್ಣ ದೂರಕ್ಕೆ ಒಂದೆರಡು ಕಿಲೋಮೀಟರ್ ಮಾತ್ರ ಆಚೀಚೆ. ಲಂಡನ್ನಿಗೋ ಅಮೆರಿಕಕ್ಕೋ ಈ ಲೆಕ್ಕ ಹಾಕಬೇಡಿ, ಅಲ್ಲಿ ಪೂರಾ ತಪ್ಪುತ್ತದೆ.

ಇದೇ ರೀತಿ ನಾನು ಹಾಕಿಟ್ಟುಕೊಂಡ ಇನ್ನು ಕೆಲವು ಅಂಕಿಗಳು: ಮುಂಬಯಿಯಿಂದ ಬೆಂಗಳೂರು ಸುಮಾರು 833 ಕಿ.ಮೀ., ಹುಬ್ಬಳ್ಳಿ 475, ಗೋವಾದ ದಾಬೋಲಿಂ 425ರ ಹತ್ತಿರ.

ಹೆಜ್ಜೆ 3: ದೂರವನ್ನು ಹೊತ್ತು ಮಾಡುವುದು

ಈ ದಾರಿಯಲ್ಲಿ ಓಡುವಂಥ ಜೆಟ್ ವಿಮಾನ, ಏರ್‌ಬಸ್ 320 ಅಥವಾ ಬೋಯಿಂಗ್ 737 ಅಂದುಕೊಳ್ಳಿ, ಮೇಲೆ ಹೋದ ಮೇಲೆ ಗಂಟೆಗೆ 830 ಕಿ.ಮೀ. ಸುಮಾರಿಗೆ ಹೋಗುತ್ತದೆ. 713ನ್ನು 830ರಿಂದ ಭಾಗಿಸಿದರೆ 52 ನಿಮಿಷ. ಹಾಗಾದರೆ ಟಿಕೆಟ್ಟಿನಲ್ಲಿ ಒಂದೂವರೆ ಗಂಟೆ ಅಂತ ಯಾಕೆ ಹಾಕುತ್ತಾರೆ?

ನಮ್ಮ ಲೋಕಲ್ ಟ್ರೇನು ನೆನಪಿಸಿಕೊಳ್ಳಿ. ಫಾಸ್ಟ್ ಲೋಕಲ್ ಎಷ್ಟೇ ಓಡಿದರೂ ಠಾಣೆ ಬಿಡುವಾಗ ನಿಧಾನ, ಕುರ್ಲಾ ಬರುವಾಗ ನಿಧಾನ. ವಿಮಾನವೂ ಹಾಗೆಯೇ. ಏರುವಾಗ ಪೂರ್ತಿ ವೇಗ ಇರುವುದಿಲ್ಲ. ಇಳಿಯಲು ಶುರು ಮಾಡುವುದು ಊರಿಗೆ ನೂರೈವತ್ತು ಇನ್ನೂರು ಕಿಲೋಮೀಟರ್ ಇರುವಾಗಲೇ. ಹತ್ತು ಸಾವಿರ ಅಡಿಗಿಂತ ಕೆಳಗೆ ಬಂದ ಮೇಲೆ ವೇಗಕ್ಕೆ ಮಿತಿ ಇದೆ. ರನ್‌ವೇ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ತಿರುಗಿಸಿಕೊಂಡು ಬರಬೇಕು. 713 ಕಿಲೋಮೀಟರಿನ ದಾರಿಯಲ್ಲಿ ನಿಜವಾಗಿ ಪೂರ್ತಿ ವೇಗದಲ್ಲಿ ಹಾರುವುದು ಅರ್ಧ ದಾರಿಯೋ ಏನೋ, ಗಗನಸಖಿ ಚಹಾದ ಗಾಡಿ ತಳ್ಳಿಕೊಂಡು ಹಿಂದಿನ ಸಾಲಿಗೆ ಬರುವಷ್ಟರಲ್ಲಿ ಬೆಲ್ಟ್ ಕಟ್ಟಿ ಅನ್ನುತ್ತಾರೆ.

ಕೈಲೆಕ್ಕಕ್ಕೆ ಒಂದು ಸುಲಭ ಉಪಾಯ. ಕಿಲೋಮೀಟರನ್ನು 800ರಿಂದ ಭಾಗಿಸಿ, ಅದಕ್ಕೆ ಅರ್ಧ ಗಂಟೆ ಸೇರಿಸಿ. ಮಂಗಳೂರಿಗೆ 53 ನಿಮಿಷ ಮತ್ತು 30, ಒಟ್ಟು 1 ಗಂಟೆ 23 ನಿಮಿಷ. ಹುಬ್ಬಳ್ಳಿಗೆ 36 ಮತ್ತು 30, ಅಂದರೆ ಒಂದು ಗಂಟೆ ಚಿಲ್ಲರೆ. ದೂರ ಮೂರನೇ ಒಂದು ಪಾಲು ಕಡಿಮೆ ಆದರೂ ಹೊತ್ತು ಅಷ್ಟು ಕಡಿಮೆ ಆಗುವುದಿಲ್ಲ, ಆ ಅರ್ಧ ಗಂಟೆ ಎಲ್ಲಿಗೆ ಹೋದರೂ ಬಿಡುವುದಿಲ್ಲ. ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಎಟಿಆರ್ ವಿಮಾನ ಆದರೆ 800 ಬದಲು 500 ಹಾಕಿ. ಅದು ನಿಧಾನ. ಟಿಕೆಟ್ ತೆಗೆಯುವಾಗ ವಿಮಾನದ ಮಾದರಿ ಬರೆದಿರುತ್ತಾರೆ, ನಾವು ಓದುವುದಿಲ್ಲ ಅಷ್ಟೆ.

ಗಾಳಿಯ ಲೆಕ್ಕ ಈ ದಾರಿಯಲ್ಲಿ ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಆ ಕಡೆ ಪೂರ್ವ ಪಶ್ಚಿಮವಾಗಿ ಹಾರುವವರಿಗೆ ಹೋಗುವ ಹೊತ್ತು ಬರುವ ಹೊತ್ತು ಬೇರೆ ಬೇರೆ ಆಗುತ್ತದೆ. ನಮ್ಮದು ಬಡಗಣದಿಂದ ತೆಂಕಣಕ್ಕೆ, ಗಾಳಿ ಪಕ್ಕದಿಂದ ಹೊಡೆಯುತ್ತದೆ.

ಹೆಜ್ಜೆ 4: ಟಿಕೆಟ್ಟಿನ ಹೊತ್ತು ಅಂದರೆ ಏನು

ಟಿಕೆಟ್ಟಿನಲ್ಲಿ ಕಾಣುವ 1 ಗಂಟೆ 30 ಅಥವಾ 1 ಗಂಟೆ 40 ನಿಮಿಷ ಹಾರುವ ಹೊತ್ತಲ್ಲ. ಅದಕ್ಕೆ ಬ್ಲಾಕ್ ಟೈಮ್ ಅಂತಾರೆ. ಘಾಟಿಯಲ್ಲಿ ಲಾರಿ ನಿಲ್ಲಿಸಿದಾಗ ಕ್ಲೀನರ್ ಇಳಿದು ಟೈರಿಗೆ ಕಲ್ಲು ಕೊಡುತ್ತಾನಲ್ಲ, ವಿಮಾನದ ಚಕ್ರಕ್ಕೂ ಹಾಗೇ ಅಡ್ಡ ಇಟ್ಟಿರುತ್ತಾರೆ. ಮುಂಬಯಿಯಲ್ಲಿ ಆ ಅಡ್ಡ ತೆಗೆದು ವಿಮಾನ ಅಲುಗಿದ ಕ್ಷಣದಿಂದ ಮಂಗಳೂರಿನಲ್ಲಿ ಮತ್ತೆ ಅಡ್ಡ ಇಡುವ ತನಕದ ಹೊತ್ತು ಅದು. ರನ್‌ವೇ ತನಕ ಉರುಳುವುದು, ಸಾಲಿನಲ್ಲಿ ಕಾಯುವುದು, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಬರುವುದು, ಎಲ್ಲ ಅದರಲ್ಲೇ ಬಂತು.

ಮುಂಬಯಿಯಲ್ಲಿ ಈ ಕಾಯುವುದು ಯಾಕೆ ಜಾಸ್ತಿ ಅಂದರೆ, ಇಲ್ಲಿ ರನ್‌ವೇ ಎರಡಿದ್ದರೂ ಅವು ಒಂದನ್ನೊಂದು ಕತ್ತರಿಯ ಹಾಗೆ ಅಡ್ಡ ಹಾಯುತ್ತವೆ. ಎರಡರಲ್ಲೂ ಒಟ್ಟಿಗೆ ವಿಮಾನ ಬಿಡಲು ಆಗುವುದಿಲ್ಲ. ಇಷ್ಟು ದೊಡ್ಡ ನಗರ ಹೆಚ್ಚು ಕಡಿಮೆ ಒಂದೇ ರನ್‌ವೇ ಮೇಲೆ ನಡೆಯುತ್ತದೆ. ಬೆಳಿಗ್ಗೆ ಮತ್ತು ಸಂಜೆಯ ರಶ್ಶಿನಲ್ಲಿ ನಿಮ್ಮ ವಿಮಾನ ಬಾಗಿಲು ಹಾಕಿ ಇಪ್ಪತ್ತು ನಿಮಿಷ ಸುಮ್ನೆ ನಿಂತರೆ ಗಾಬರಿ ಆಗಬೇಡಿ. ಮಳೆಗಾಲಕ್ಕೆ ಮೊದಲೊಂದು ದಿನ, ಮಳೆಗಾಲ ಕಳೆದ ಮೇಲೊಂದು ದಿನ ರನ್‌ವೇ ರಿಪೇರಿಗೆ ಅಂತ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರ ತನಕ ಪೂರಾ ಬಂದ್ ಇಡುವ ಪದ್ಧತಿಯೂ ಇದೆ. ದಿನಾಂಕ ಮೊದಲೇ ಪೇಪರಿನಲ್ಲಿ ಬರುತ್ತದೆ. ಆ ದಿನದ ಸಂಜೆಯ ಟಿಕೆಟ್ ನಾನಂತೂ ತೆಗೆಯುವುದಿಲ್ಲ.

ಈ ಬ್ಲಾಕ್ ಟೈಮ್ ತಿಳಿದಿದ್ದರೆ ಇನ್ನೊಂದು ಲಾಭ ಇದೆ. ವಿಮಾನ ರದ್ದಾದರೆ ಸಿಗುವ ಪರಿಹಾರ ಇದರ ಮೇಲೆಯೇ ನಿಂತಿದೆ. ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದಲ್ಲಿ ಬ್ಲಾಕ್ ಟೈಮ್ ಒಂದು ಗಂಟೆಯ ಒಳಗಿದ್ದರೆ 5,000 ರೂಪಾಯಿ, ಒಂದರಿಂದ ಎರಡು ಗಂಟೆ ಆದರೆ 7,500, ಎರಡು ಗಂಟೆ ಮೀರಿದರೆ 10,000. ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟೇ. ನಮ್ಮ ಮಂಗಳೂರು ನಡುವಿನ ಸಾಲಿನಲ್ಲಿ ಬರುತ್ತದೆ. ಆದರೆ ಮಳೆ, ಮಂಜು, ಟ್ರಾಫಿಕ್ ಕಂಟ್ರೋಲ್‌ನಂಥ ಕಾರಣಕ್ಕೆ ರದ್ದಾದರೆ ಈ ದುಡ್ಡಿಲ್ಲ. ಮೊದಲೇ ಸರಿಯಾಗಿ ತಿಳಿಸಿದ್ದರೂ ಇಲ್ಲ. ಎರಡು ಗಂಟೆ ತಡ ಆದರೆ ತಿಂಡಿ ಪಾನೀಯ ಕೊಡಬೇಕು, ಇದು ಎರಡೂವರೆ ಗಂಟೆಯೊಳಗಿನ ಹಾರಾಟಕ್ಕೆ ಇರುವ ನಿಯಮ. ಕೌಂಟರಿನಲ್ಲಿ ಕೂಗಾಡುವುದಕ್ಕಿಂತ ಈ ಒಂದು ಸಾಲು ಮೆಲ್ಲಗೆ ಹೇಳಿದರೆ ಕೆಲಸ ಬೇಗ ಆಗುತ್ತದೆ, ನಾನು ಮಾಡಿ ನೋಡಿದ್ದೇನೆ.

ಹೆಜ್ಜೆ 5: ಕಳೆದ ವಾರ ಏನಾಯಿತು ಅಂತ ನೋಡಿ

ಫ್ಲೈಟ್‌ರಾಡಾರ್24 ಥರದ ಆ್ಯಪ್‌ನಲ್ಲಿ ನಿಮ್ಮ ವಿಮಾನದ ನಂಬರ್ ಹಾಕಿದರೆ ಹಿಂದಿನ ಏಳು ದಿನ ಅದು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟಕ್ಕೆ ಇಳಿಯಿತು ಎಲ್ಲ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. ಏಳರಲ್ಲಿ ಐದು ದಿನ ಸರಿಯಾಗಿ ಬಂದಿದ್ದರೆ ಒಳ್ಳೆಯದು. ಏಳೂ ದಿನ ಮುಕ್ಕಾಲು ಗಂಟೆ ತಡ ಆಗಿದ್ದರೆ ಎಂಟನೇ ದಿನ ನಿಮ್ಮ ಮುಖ ನೋಡಿ ಬೇಗ ಹೊರಡುವುದಿಲ್ಲ. ದಿನದ ಮೊದಲ ವಿಮಾನ ಸಾಮಾನ್ಯವಾಗಿ ಸಮಯಕ್ಕೆ ಹೊರಡುತ್ತದೆ, ಏಕೆಂದರೆ ಅದು ರಾತ್ರಿಯೇ ಇಲ್ಲಿ ಬಂದು ಮಲಗಿರುತ್ತದೆ. ಸಂಜೆಯ ವಿಮಾನ ಬೆಳಗಿನಿಂದ ನಾಲ್ಕು ಊರು ಸುತ್ತಿ ಎಲ್ಲರ ತಡವನ್ನೂ ಹೊತ್ತುಕೊಂಡು ಬರುತ್ತದೆ. ಆ ಮದುವೆಯ ದಿನ ಏಳೂವರೆಯದೂ ತಡ ಆಯಿತಲ್ಲ ಅಂತ ನೀವು ಕೇಳಬಹುದು. ಹೌದು, ಅದು ನನ್ನ ಹಣೆಬರಹ.

ಹೆಜ್ಜೆ 6: ಮನೆಯಿಂದ ವಿಮಾನಕ್ಕೆ

ಇಲ್ಲಿ ಜಾಸ್ತಿ ಹೊತ್ತು ಹೋಗುವುದು. ಮೊದಲು ಟರ್ಮಿನಲ್ ನೋಡಿ. ಟಿ1 ಇರುವುದು ಸಾಂತಾಕ್ರೂಜ್–ವಿಲೇಪಾರ್ಲೆ ಕಡೆ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಗೆ ತಾಗಿಕೊಂಡು. ಟಿ2 ಇರುವುದು ಅಂಧೇರಿ ಪೂರ್ವದ ಸಹಾರದಲ್ಲಿ. ಮಧ್ಯೆ ರನ್‌ವೇ ಇದೆ, ನಡೆದು ಹೋಗಲು ಆಗುವುದಿಲ್ಲ. ಒಂದೇ ಕಂಪನಿಯ ವಿಮಾನ ಒಂದು ಇಲ್ಲಿಂದ, ಒಂದು ಅಲ್ಲಿಂದ ಹೊರಡುವುದೂ ಇದೆ. ಹೋದ ಸಲ ಟಿ2 ಇತ್ತು ಅಂತ ಈ ಸಲವೂ ಹೋಗಬೇಡಿ.

ಈಗ ಮೂರನೆಯದೂ ಬಂದಿದೆ. ನವಿ ಮುಂಬಯಿ ವಿಮಾನ ನಿಲ್ದಾಣದಿಂದ 2025ರ ಡಿಸೆಂಬರ್ 25ಕ್ಕೆ ವಿಮಾನ ಓಡಾಟ ಶುರುವಾಯಿತು. ಅದರ ಕೋಡ್ ಎನ್-ಎಂ-ಐ. ಟಿಕೆಟ್ ಹುಡುಕುವಾಗ "ಮುಂಬಯಿ" ಅಂತ ಹೊಡೆದರೆ ಎರಡೂ ನಿಲ್ದಾಣದ ವಿಮಾನಗಳು ಒಂದೇ ಪಟ್ಟಿಯಲ್ಲಿ ಬರಬಹುದು, ಕಡಿಮೆ ದರ ಕಂಡ ಖುಷಿಯಲ್ಲಿ ಬೊರಿವಲಿಯವರು ಉಲ್ವೆಯ, ಅಂದರೆ ಈ ಹೊಸ ನಿಲ್ದಾಣದ, ಟಿಕೆಟ್ ತೆಗೆದರೆ ಉಳಿದ ದುಡ್ಡು ಟ್ಯಾಕ್ಸಿಗೇ ಹೋಗುತ್ತದೆ. ಪನ್ವೇಲ್, ಖಾರ್ಘರ್, ನೆರೂಳ್ ಕಡೆಯ ನಮ್ಮವರಿಗೆ ಮಾತ್ರ ಅದು ಹಬ್ಬ. ದಕ್ಷಿಣ ಮುಂಬಯಿಯವರಿಗೂ ಅಟಲ್ ಸೇತು ಇರುವುದರಿಂದ ತೀರಾ ದೂರ ಅನ್ನುವ ಹಾಗಿಲ್ಲ.

ಮೆಟ್ರೋ 3 ಬಂದ ಮೇಲೆ ಹಳೆಯ ನಿಲ್ದಾಣಕ್ಕೆ ಹೋಗುವುದು ಎಷ್ಟೋ ಸುಲಭ ಆಗಿದೆ. 2025ರ ಅಕ್ಟೋಬರಿನಿಂದ ಕಫ್ ಪರೇಡ್‌ನಿಂದ ಆರೆ ತನಕ ಪೂರ್ತಿ ಓಡುತ್ತಿದೆ. ಟಿ1ಕ್ಕೂ ಟಿ2ಕ್ಕೂ ಬೇರೆ ಬೇರೆ ಸ್ಟೇಷನ್ ಇದೆ. ದಾದರ್, ಮಾಹಿಮ್, ಮಾಟುಂಗಾ ಸುತ್ತಿನವರು ಮಳೆಗಾಲದಲ್ಲಿ ಟ್ಯಾಕ್ಸಿಯ ಆಸೆ ಬಿಟ್ಟು ಇದನ್ನು ಹಿಡಿಯಿರಿ. ಡೊಂಬಿವಲಿಯ ನಾವು ಘಾಟ್‌ಕೋಪರ್ ತನಕ ಲೋಕಲ್, ಅಲ್ಲಿಂದ ಮೆಟ್ರೋ 1ರಲ್ಲಿ ಮರೋಲ್ ನಾಕಾ, ಅಲ್ಲಿ ಮೆಟ್ರೋ 3ಕ್ಕೆ ಬದಲಿಸಿ ಟಿ2. ಎರಡು ದೊಡ್ಡ ಬ್ಯಾಗ್, ಜೊತೆಗೆ ಅತ್ತೆ ಇದ್ದರೆ ಇದು ಆಗುವ ಮಾತಲ್ಲ, ಟ್ಯಾಕ್ಸಿಯೇ ಗತಿ. ಆಗ ಐರೋಲಿ, ಪವಾಯಿ ಮೇಲೆ ಮುಂಜಾನೆ ಒಂದೂಕಾಲು ಗಂಟೆ, ಒಂಬತ್ತು ಗಂಟೆಯ ರಶ್ಶಿನಲ್ಲಿ ಎರಡೂವರೆ ಆದರೂ ಆಶ್ಚರ್ಯ ಇಲ್ಲ.

ಜೋರು ಮಳೆಯ ದಿನ ಭರತದ ಹೊತ್ತು ನೋಡಿಕೊಳ್ಳಿ. ಸಮುದ್ರ ತುಂಬಿದ ಹೊತ್ತಿಗೇ ಮಳೆ ಹೊಡೆದರೆ ನೀರು ಇಳಿಯುವುದಿಲ್ಲ, ಅಂಧೇರಿ ಸಬ್‌ವೇ ಮೊದಲು ಮುಳುಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದು ವಿಮಾನ ನಿಲ್ದಾಣವೇ ಮುಚ್ಚಿತ್ತು. ಅಂಥದ್ದು ಪ್ರತಿ ವರ್ಷ ಆಗುವುದಿಲ್ಲ. ಆದರೆ ಅದನ್ನು ನೋಡಿದವರು ಜುಲೈಯಲ್ಲಿ ಒಂದು ಗಂಟೆ ಮೊದಲೇ ಹೊರಡುತ್ತಾರೆ.

ಬ್ಯಾಗ್ ಹಾಕುವ ಕೌಂಟರ್ ಸಾಮಾನ್ಯವಾಗಿ ಹೊರಡುವ ಹೊತ್ತಿಗೆ ಒಂದು ಗಂಟೆ ಮೊದಲು ಮುಚ್ಚುತ್ತದೆ. ಗೇಟ್ ಮುಚ್ಚುವುದು 25 ನಿಮಿಷ ಮೊದಲು. ಹಾಗಾಗಿ ಎರಡು ಗಂಟೆ ಮೊದಲು ಅಲ್ಲಿರಿ. ಊರಿಗೆ ಹೋಗುವಾಗ ಬ್ಯಾಗ್ ಹಗುರ ಇದ್ದರೆ ಏಳು ಕಿಲೋ ಒಳಗಿಟ್ಟು ಕೈಯಲ್ಲೇ ತೆಗೆದುಕೊಂಡು ಹೋಗಿ. ಅಲ್ಲಿಳಿದ ಮೇಲೆ ಬೆಲ್ಟಿನ ಮುಂದೆ ನಿಲ್ಲುವ ಇಪ್ಪತ್ತು ನಿಮಿಷ ಉಳಿಯಿತು.

ಹೆಜ್ಜೆ 7: ಬಜ್ಪೆಯಿಂದ ಮನೆಗೆ

ಮಂಗಳೂರಿನದು ಗುಡ್ಡದ ತಲೆ ಕಡಿದು ಮಾಡಿದ ನಿಲ್ದಾಣ. ಟೇಬಲ್‌ಟಾಪ್ ಅಂತಾರೆ. ರನ್‌ವೇಯ ತುದಿ ಕಳೆದರೆ ಕಣಿವೆ. ದೊಡ್ಡ ರನ್‌ವೇ ಉದ್ದ 2,450 ಮೀಟರ್. ಇಲ್ಲಿ ಮೋಡ ಕವಿದರೆ ಪೈಲಟ್ ಸುಮ್ಮನೆ ಸಾಹಸ ಮಾಡುವುದಿಲ್ಲ, ಮೇಲೆ ಸುತ್ತು ಹಾಕುತ್ತಾನೆ, ಆಗದಿದ್ದರೆ ಬೆಂಗಳೂರಿಗೋ ಕೇರಳದ ಕಡೆಗೋ ಹೋಗಿ ಇಳಿಯುತ್ತಾನೆ. ಹಾಗೆ ಆದರೆ ಅವಸರದಲ್ಲಿ ವಿಮಾನ ಬಿಟ್ಟು ಇಳಿಯಬೇಡಿ. ಮೋಡ ಸರಿದ ಮೇಲೆ ಅದೇ ವಿಮಾನ ವಾಪಸ್ ಮಂಗಳೂರಿಗೆ ಬರುವುದು ಜಾಸ್ತಿ. ಬೆಂಗಳೂರಿನಲ್ಲಿ ಇಳಿದು ಶಿರಾಡಿ ಘಾಟಿಯ ಬಸ್ಸು ಹತ್ತಿದರೆ ರಾತ್ರಿ ಕಳೆಯಿತು ಅಂತಲೇ. ಜೂನ್, ಜುಲೈಯಲ್ಲಿ ಮುಹೂರ್ತದ ದಿನವೇ ಹೊರಡುವ ಧೈರ್ಯ ಯಾರೂ ಮಾಡಬೇಡಿ.

ಇಳಿದ ಮೇಲೆ ದೂರ ಯಾರಿಗೆ ಎಷ್ಟು? ಮಂಗಳೂರು ಪೇಟೆಗೆ ಹದಿನೈದು ಕಿಲೋಮೀಟರ್ ಒಳಗೆ, ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಮೂಡುಬಿದಿರೆಗೆ ಒಂದು ಗಂಟೆ. ಉಡುಪಿಗೆ 55–60 ಕಿ.ಮೀ., ಒಂದೂವರೆ ಗಂಟೆ. ಕುಂದಾಪುರಕ್ಕೆ ತೊಂಬತ್ತು ಚಿಲ್ಲರೆ, ಎರಡು ಗಂಟೆಗೆ ಕಡಿಮೆ ಇಲ್ಲ. ಉಡುಪಿ ಕಡೆಯವರು ಡ್ರೈವರಿಗೆ ಕೂಳೂರು ಮೇಲೆ ಹೆದ್ದಾರಿಗೆ ಹೋಗುತ್ತೀರೋ, ಕಟೀಲು–ಕಿನ್ನಿಗೋಳಿ ಮೇಲೆ ಮುಲ್ಕಿಗೆ ಬರುತ್ತೀರೋ ಅಂತ ಮೊದಲೇ ಕೇಳಿ. ಎರಡನೆಯದು ಒಳದಾರಿ, ತಿರುವು ಜಾಸ್ತಿ, ಆದರೆ ಸುರತ್ಕಲ್ ಕಡೆಯ ಲಾರಿಗಳ ಸಾಲು ತಪ್ಪುತ್ತದೆ, ದಾರಿಯಲ್ಲಿ ಕಟೀಲಮ್ಮನಿಗೆ ಕೈ ಮುಗಿದ ಹಾಗೂ ಆಯಿತು. ಮುಂದೆ ಹೆಜಮಾಡಿ, ಸಾಸ್ತಾನದ ಟೋಲ್ ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ ಅಂತಲೂ ಆಗಲೇ ಮಾತಾಡಿಕೊಳ್ಳಿ.

ಹೆಜ್ಜೆ 8: ಕೂಡಿಸಿ, ರೈಲಿನ ಜೊತೆ ಇಟ್ಟು ನೋಡಿ

ನನ್ನ ಕಾಗದದ ಲೆಕ್ಕ ಹೀಗಿದೆ. ಹತ್ತು ಗಂಟೆಯ ವಿಮಾನ. ಮನೆಯಿಂದ ಬೆಳಿಗ್ಗೆ ಆರಕ್ಕೆ. ಬಜ್ಪೆಯಲ್ಲಿ ನಿಂತಾಗ ಹನ್ನೊಂದು ಮೂವತ್ತೈದು. ಬ್ಯಾಗ್ ತೆಗೆದು ಟ್ಯಾಕ್ಸಿ ಹತ್ತುವಾಗ ಹನ್ನೆರಡು ಹತ್ತು. ಒಂದು ಕಡೆ ಚಹಾ. ಕುಂದಾಪುರ ಎರಡೂವರೆ. ಒಟ್ಟು ಎಂಟೂವರೆ ಗಂಟೆ. ಏನೂ ತೊಂದರೆ ಆಗದಿದ್ದರೆ!

ಇನ್ನು ಮತ್ಸ್ಯಗಂಧ. ಮಧ್ಯಾಹ್ನ ಎರಡಕ್ಕೆ ಮನೆ ಬಿಟ್ಟರೆ ಠಾಣೆಯಲ್ಲಿ ಮೂರೂ ಮುಕ್ಕಾಲರ ಒಳಗೆ ರೈಲು. ಬೆಳಗಿನ ಜಾವ ಮೂಡ್ಲಕಟ್ಟೆಯ ಕುಂದಾಪುರ ಸ್ಟೇಷನ್. ಹದಿನೈದು ಗಂಟೆ ಅನ್ನಿ. ಆದರೆ ಅದರಲ್ಲಿ ಏಳು ಗಂಟೆ ನಿದ್ದೆ. ಎಚ್ಚರ ಇದ್ದ ಹೊತ್ತು ಲೆಕ್ಕ ಹಾಕಿದರೆ ಎಂಟು ಗಂಟೆ. ಅಂದರೆ ಕುಂದಾಪುರದವನಾದ ನನಗೆ ಪ್ಲೇನಿಗೂ ರೈಲಿಗೂ ಹಾಳಾಗುವ ಹೊತ್ತು ಒಂದೇ! ಇದನ್ನು ಕಂಡುಕೊಂಡ ದಿನ ನನಗೇ ನಂಬಿಕೆ ಬರಲಿಲ್ಲ, ಎರಡು ಸಲ ಕೂಡಿಸಿದೆ.

ಹಾಗಂತ ಎಲ್ಲರಿಗೂ ಹೀಗಲ್ಲ. ಮಂಗಳೂರು, ಬಂಟ್ವಾಳ, ಮೂಡುಬಿದಿರೆ ಕಡೆಯವರಿಗೆ ಪ್ಲೇನೇ ಸರಿ. ರೈಲು ಮಂಗಳೂರು ಮುಟ್ಟುವಾಗ ಬೆಳಿಗ್ಗೆ ಏಳು ಕಳೆದಿರುತ್ತದೆ. ಉಡುಪಿಯವರು ಮಧ್ಯದಲ್ಲಿ ಸಿಕ್ಕಿಕೊಂಡವರು, ದರ ನೋಡಿ ತೀರ್ಮಾನ ಮಾಡಿ. ಬೈಂದೂರು, ಭಟ್ಕಳದವರು ಪ್ಲೇನಿನ ಆಸೆ ಬಿಡಿ, ಇಳಿದ ಮೇಲೆ ವಾಪಸ್ ಬಡಗಣಕ್ಕೆ ಮೂರು ಗಂಟೆ ಬರುವುದರಲ್ಲಿ ಅರ್ಥ ಇಲ್ಲ. ಕಾರವಾರದವರಿಗೆ ದಾಬೋಲಿಂ ಹತ್ತಿರ, ಆದರೆ ಗೋವಾಕ್ಕೆ ಈಗ ಎರಡು ನಿಲ್ದಾಣ. ಬಡಗಣ ಗೋವಾದ ಮೋಪಾದಲ್ಲಿ ಇಳಿದರೆ ಪೂರಾ ಗೋವಾ ದಾಟಿ ಬರಬೇಕು. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿ ನೋಡಿ.

ರೈಲಿಗೆ ಟಿಕೆಟ್ ಸಿಗಬೇಕಲ್ಲ ಅನ್ನುತ್ತೀರಿ, ಗೊತ್ತು. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಮೊದಲಿನ ಹಾಗೆ 120 ಅಲ್ಲ. ಗಣೇಶ ಚೌತಿಗೆ ಇಡೀ ಕೊಂಕಣ ಹೊರಡುತ್ತದೆ, ಆಗ ನಮಗೆ ಜಾಗ ಎಲ್ಲಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆ ವೇಳಾಪಟ್ಟಿ ಇರುತ್ತದೆ. ಗುಡ್ಡ ಕುಸಿಯುವ ಭಯಕ್ಕೆ ವೇಗ ಇಳಿಸುತ್ತಾರೆ, ಹೊರಡುವ ಮುಟ್ಟುವ ಹೊತ್ತೆಲ್ಲ ಬದಲಾಗುತ್ತದೆ. ಆ ಪಟ್ಟಿ ನೋಡಿಯೇ ಮೇಲಿನ ಲೆಕ್ಕ ಹಾಕಿ. 1998ರಲ್ಲಿ ಈ ದಾರಿ ಪೂರ್ತಿ ತೆರೆಯುವ ಮೊದಲು ನಮ್ಮಪ್ಪ ಬಸ್ಸಿನಲ್ಲಿ ಘಾಟಿ ಹತ್ತಿ ಇಳಿದು ಬಂದವರು, ಅವರಪ್ಪ ಹಡಗಿನಲ್ಲಿ ಬಂದವರು. ಅವರ ಹತ್ತಿರ ಈ ಒಂದೆರಡು ಗಂಟೆಯ ವ್ಯತ್ಯಾಸದ ಮಾತೆತ್ತಿದರೆ ನಕ್ಕುಬಿಡುತ್ತಾರೆ.

ಒಂದೆರಡು ಕಡೆ ಎಡವಬೇಡಿ

ಕಡಿಮೆ ದರ ಅಂತ ಬೆಂಗಳೂರು ಮೇಲೆ ಹೋಗುವ ಟಿಕೆಟ್ ಕಾಣುತ್ತದೆ. ದೂರ ನೋಡಿ: 833 ಮತ್ತು ಅಲ್ಲಿಂದ ಮಂಗಳೂರಿಗೆ 305, ಒಟ್ಟು 1,138 ಕಿ.ಮೀ. 713ರ ದಾರಿಗೆ! ಆ ಅರ್ಧ ಗಂಟೆಯ ಏರುವುದು ಇಳಿಯುವುದು ಎರಡು ಸಲ, ಮಧ್ಯೆ ಕಾಯುವುದು ಬೇರೆ. ಐದಾರು ಗಂಟೆ ಆಗುತ್ತದೆ.

ದುಬೈಯಿಂದ ಬರುವ ಭಾವನನ್ನು ಕರೆತರಲು ಹೋಗುವವರಿಗೆ ಒಂದು ಮಾತು. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಅಲ್ಲಿಯದು, ಇಳಿಯುವ ಹೊತ್ತು ಇಲ್ಲಿಯದು. ನಾವು ಅವರಿಗಿಂತ ಒಂದೂವರೆ ಗಂಟೆ ಮುಂದೆ. ಎರಡನ್ನೂ ಸುಮ್ನೆ ಕಳೆದರೆ ಮೂರು ಗಂಟೆಯ ಹಾರಾಟ ನಾಲ್ಕೂವರೆ ಆಗಿ ಕಾಣುತ್ತದೆ. ದೇಶದ ಒಳಗೆ ಈ ತಲೆಬಿಸಿ ಇಲ್ಲ.

ಊರಿನಿಂದ ಬರುವಾಗ ಅಮ್ಮ ಕಟ್ಟಿಕೊಟ್ಟ ಕೊಬ್ಬರಿಯನ್ನು ಬ್ಯಾಗಿಗೆ ಹಾಕಬೇಡಿ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯಾಗಿ ಬೆಂಕಿ ಹಿಡಿಯಬಹುದು ಅಂತ ವಿಮಾನದಲ್ಲಿ ಬಿಡುವುದಿಲ್ಲ. ಬಜ್ಪೆಯಲ್ಲಿ ನನ್ನ ಹೆಸರು ಕೂಗಿ ಕರೆದು ಬ್ಯಾಗ್ ಬಿಚ್ಚಿಸಿದ್ದರು, ಅರ್ಧ ಗಂಟೆ ಹೋಯಿತು, ಕೊಬ್ಬರಿಯೂ ಹೋಯಿತು. ಮಿಡಿ ಉಪ್ಪಿನಕಾಯಿ ಕೈಬ್ಯಾಗಿನಲ್ಲಿ ಬೇಡ, ಚೆನ್ನಾಗಿ ಕಟ್ಟಿ ದೊಡ್ಡ ಬ್ಯಾಗಿಗೆ ಹಾಕಿ. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ, ಅದು ಕೈಬ್ಯಾಗಿನಲ್ಲೇ ಇರಬೇಕು.

ವಾಪಸ್ ಬರುವ ಲೆಕ್ಕವನ್ನು ಬೇರೆಯೇ ಹಾಕಿ. ಬಜ್ಪೆಯಲ್ಲಿ ಸಾಲು ಕಡಿಮೆ, ಹೊರಡುವುದು ಬೇಗ, ಆದರೆ ಮುಂಬಯಿ ಹತ್ತಿರ ಬಂದ ಮೇಲೆ ಇಳಿಯಲು ಸರದಿ. ಸಂಜೆಯ ವಿಮಾನ ಅಲ್ಲೇ ಸುತ್ತು ಹಾಕುತ್ತದೆ. ಕಿಟಕಿ ಸೀಟು ಬೇಕಿದ್ದರೆ ಹೋಗುವಾಗ ಬಲಬದಿ, ಬರುವಾಗ ಎಡಬದಿ ತೆಗೆದುಕೊಳ್ಳಿ, ಸಮುದ್ರ ಆ ಕಡೆ. ರಾತ್ರಿ ಹತ್ತೂವರೆ ಮೇಲೆ ಇಳಿಯುವ ಟಿಕೆಟ್ ಆದರೆ ಕಲ್ಯಾಣ್, ಕರ್ಜತ್ ಕಡೆಯವರು ಕೊನೆಯ ಲೋಕಲ್ ನೋಡಿಟ್ಟುಕೊಳ್ಳಿ. ಅದು ಸಿಎಸ್‌ಎಂಟಿ ಬಿಡುವುದು ಮಧ್ಯರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ, ಘಾಟ್‌ಕೋಪರಿಗೆ ಅರ್ಧ ಗಂಟೆಯ ಮೇಲೆ ಬರುತ್ತದೆ. ತಪ್ಪಿದರೆ ಬೆಳಗಿನ ತನಕ ಕೂರಬೇಕು, ಇಲ್ಲ ಟ್ಯಾಕ್ಸಿಯವನು ಹೇಳಿದಷ್ಟು ಕೊಡಬೇಕು.